ಕೂತ, ಎದ್ದ, ಕೂತ

ಇಂಗ್ಲೆಂಡಿನ ಜನ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಮಾತಾಡುತ್ತಿದ್ದಾರೆ ಎಂಬುದು ಬಹಳ ಕಾಲ ನನ್ನ ಖಚಿತ ಅಭಿಪ್ರಾಯವಾಗಿತ್ತು. ನಾನು ಬಂದ ಹೊಸತರಲ್ಲಿ ಹೀಗಿರಲಿಲ್ಲ. ಆಗ ಸ್ಟಾಕ್‌ಪೋರ್ಟ್ ಸ್ಟೇಷನ್ನಿನಲ್ಲಿ ಪಿಕ್ಯಾಡಿಲಿಯ ರೈಲು ತಡ ಎಂದು ಸಾರುವ ಹೆಂಗಸು ಬಾಯಿ ತುಂಬ ಸಾರುತ್ತಿದ್ದಳು. ಸಿಟ್ಟು ಬಂದರೂ ಯಾವ ರೈಲಿನ ಮೇಲೆ ಸಿಟ್ಟಾಗಬೇಕೆಂದು ಗೊತ್ತಾಗುತ್ತಿತ್ತು. ಬರಬರುತ್ತಾ ಆಕೆ ಬಾಯಲ್ಲಿ ಇಡ್ಲಿ ಇಟ್ಟುಕೊಂಡು ಮಾತಾಡತೊಡಗಿದಳು. ಅಂಗಡಿಯ ಹುಡುಗಿ, ಬ್ಯಾಂಕಿನವನು, ಹಲ್ಲಿನ ಡಾಕ್ಟರು, ಎಲ್ಲರೂ ತುಟಿಯನ್ನೇನೋ ಅಲ್ಲಾಡಿಸುತ್ತಾರೆ, ಮಾತನ್ನು ಮಾತ್ರ ತಮ್ಮ ಕೋಟಿನ ಒಳಗೇ ಹೇಳಿಕೊಳ್ಳುತ್ತಾರೆ. ಟಿ.ವಿ.ಗಳ ಕಥೆಯಂತೂ ಕೇಳಬೇಡಿ. ಅವು ದಪ್ಪಗಿದ್ದಾಗ ಎದುರಿಗೆ ಸ್ಪೀಕರ್ ಇರುತ್ತಿತ್ತು. ಈಗ ಹಪ್ಪಳದಷ್ಟು ತೆಳ್ಳಗಾಗಿ, ಸ್ಪೀಕರನ್ನು ಬೆನ್ನಿಗೆ ಅಂಟಿಸಿಕೊಂಡು, ಕಾಸು ಕೊಟ್ಟು ತಂದವರನ್ನು ಬಿಟ್ಟು ಹಿಂದಿನ ಗೋಡೆಗೆ ವಾರ್ತೆ ಓದುತ್ತವೆ. ಇದರ ಬಗ್ಗೆ ತಯಾರಿಸಿದವರಿಗೆ ಎರಡು ಕಾಗದ ಬರೆದೆ. ಉತ್ತರವಿಲ್ಲ.

ಹೊರಗಿನವರದು ಹಾಗಿರಲಿ, ಮನೆಯವರಿಗಾದರೂ ನನ್ನ ಮೇಲೆ ಕರುಣೆ ಬೇಡವೇ? ನನ್ನ ಹೆಂಡತಿ ಸುಮ ಮುಖ್ಯವಾದ ವಿಷಯಗಳನ್ನೆಲ್ಲ ಫ್ರಿಜ್ಜಿನೊಳಗೆ ತಲೆ ಹಾಕಿಯೇ ಹೇಳುವುದು. ನಲ್ಲಿ ಬಿಟ್ಟುಕೊಂಡು ಹೇಳುತ್ತಾಳೆ, ಮಿಕ್ಸಿ ತಿರುಗಿಸುತ್ತಾ ಹೇಳುತ್ತಾಳೆ, ಮೆಟ್ಟಿಲು ಹತ್ತುತ್ತಾ ಬೆನ್ನು ತೋರಿಸಿ ಹೇಳುತ್ತಾಳೆ. "ಏನು?" ಎಂದರೆ, "ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಕಣ್ರೀ" ಎನ್ನುತ್ತಾಳೆ. ಇದೊಂದನ್ನು ಮಾತ್ರ ಎದುರಿಗೆ ನಿಂತು, ಮುಖ ನೋಡಿ, ಸ್ಪಷ್ಟವಾಗಿ ಹೇಳುತ್ತಾಳೆ. ಮಗಳು ಮೇಘನಾಳದು ಇನ್ನೊಂದು ಬಗೆ. ಹದಿನೆಂಟು ವರ್ಷ, ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಫೋನು ನೋಡುತ್ತಾ, ಕೂದಲಿನ ಪರದೆಯ ಹಿಂದಿನಿಂದ. ಒಂದು ಸಲ ಹೇಳುತ್ತಾಳೆ. ನಾನು "ಆಂ?" ಎನ್ನುತ್ತೇನೆ. ಇನ್ನೊಂದು ಸಲ ಹೇಳುತ್ತಾಳೆ. ಮತ್ತೆ "ಆಂ?" ಎಂದರೆ ಭುಜ ಕುಣಿಸಿ "ನೆವರ್ ಮೈಂಡ್" ಎಂದು ಎದ್ದು ಹೋಗುತ್ತಾಳೆ. ಈ ನೆವರ್ ಮೈಂಡನ್ನು ಕಂಡುಹಿಡಿದವನು ನನ್ನ ಕೈಗೆ ಸಿಗಬೇಕು. ಹೇಳಬೇಕೆಂದುಕೊಂಡ ಮಾತು ನುಂಗಿಬಿಟ್ಟು, ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಹೊರಟುಹೋಗುವುದು ಯಾವ ಸೀಮೆ ಮರ್ಯಾದೆ? ಆ ವರ್ಷ ಸೆಪ್ಟೆಂಬರಿನಲ್ಲಿ ಅವಳು ಓದಲು ಲೀಡ್ಸಿಗೆ ಹೋಗುವವಳಿದ್ದಳು. ಇರುವ ನಾಲ್ಕು ತಿಂಗಳಲ್ಲಿ ಮಗಳ ಹತ್ತಿರ ನಾಲ್ಕು ಮಾತಾಡೋಣ ಎಂದರೆ ಮೂರು ನೆವರ್ ಮೈಂಡಿನಲ್ಲೇ ಮುಗಿಯುತ್ತಿದ್ದವು. ಆಮೇಲಾಮೇಲೆ ಅವಳು ಹೇಳಲು ಶುರು ಮಾಡುವುದನ್ನೇ ಬಿಟ್ಟಳು. ಅದರಿಂದ ನನಗೆ ನಿಜವಾಗಿ ನೋವಾಗಿತ್ತು, ಆದರೆ ನೋವನ್ನು ಸಿಟ್ಟು ಎಂದು ತೋರಿಸಿಕೊಳ್ಳುವುದು ನಮ್ಮ ಮನೆತನದ ಗಂಡಸರಿಗೆಲ್ಲ ಇರುವ ಅಭ್ಯಾಸ.

ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಒಂದು ಉಪಾಯ ಕಂಡುಕೊಂಡಿದ್ದೆ, ಅದನ್ನು ಇವತ್ತು ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ. ಮಾತಾಡುವವರ ಮುಖವನ್ನೇ ನೋಡುತ್ತಿರಬೇಕು. ಹುಬ್ಬು ಮೇಲೇರಿದರೆ "ಹೌದಾ" ಎನ್ನಬೇಕು. ಹುಬ್ಬು ಗಂಟಿಕ್ಕಿದರೆ "ಅಯ್ಯೋ ಪಾಪ". ಮಾತು ನಿಲ್ಲಿಸಿ ನಮ್ಮನ್ನೇ ನೋಡಿದರೆ "ವೆರಿ ಗುಡ್". ತುಟಿಯ ತುದಿ ಅಲುಗಿದರೆ ಜೋಕು ಬರುತ್ತಿದೆ ಎಂದು ಅರ್ಥ. ಆಗ ಎಲ್ಲರಿಗಿಂತ ಅರ್ಧ ಕ್ಷಣ ಹಿಂದೆ ಬಿದ್ದು, ಎಲ್ಲರಿಗಿಂತ ಗಟ್ಟಿಯಾಗಿ ನಗಬೇಕು. ಬರ್ಚ್‌ವುಡ್ಡಿನ ನನ್ನ ಆಫೀಸಿನಲ್ಲಿ ಭಾರಿ ಹಾಸ್ಯಪ್ರಜ್ಞೆಯ ಮನುಷ್ಯ ಎಂದು ನನಗೆ ಹೆಸರು ಬಂದದ್ದು ಹೀಗೆ. ಒಂದು ಸಲ ಮಾತ್ರ ಎಡವಟ್ಟಾಯಿತು. ನಮ್ಮ ಮ್ಯಾನೇಜರು ತುಟಿಯ ತುದಿ ಅಲುಗಿಸುತ್ತಾ ಏನೋ ಹೇಳಿದರು, ನಾನು ಮೇಜು ಬಡಿದು ನಕ್ಕೆ. ಹದಿನಾಲ್ಕು ವರ್ಷ ಸಾಕಿದ ನಾಯಿಯನ್ನು ಹಿಂದಿನ ದಿನ ಮಣ್ಣು ಮಾಡಿ ಬಂದಿದ್ದರಂತೆ. ದುಃಖದಲ್ಲೂ ತುಟಿ ಅಲುಗುವ ಜನ ಇವರು. ಅದು ನನ್ನ ತಪ್ಪೇ?

ಇಷ್ಟರಲ್ಲಿ ನಿಮಗೆ ಏನೋ ಅನುಮಾನ ಬಂದಿರುತ್ತದೆ. ಸುಮಳಿಗೂ ಬಂದಿತ್ತು. "ಒಂದ್ಸಲ ಕಿವಿ ತೋರಿಸ್ಬಾರ್ದಾ" ಎಂದು ವರ್ಷಕ್ಕೆರಡು ಸಲ ಹೇಳುತ್ತಿದ್ದಳು. ನನಗೆ ಉರಿದು ಹೋಗುತ್ತಿತ್ತು. ನಾನು ಪಂಪು, ಕಂಪ್ರೆಸರುಗಳ ಇಂಜಿನಿಯರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೀಣ್ಯದ ಫೋರ್ಜಿಂಗ್ ಕಾರ್ಖಾನೆಯಲ್ಲಿ ಎಂಟು ವರ್ಷ ದೊಡ್ಡ ಸುತ್ತಿಗೆಗಳ ನಡುವೆ ನಿಂತವನು. ಅಲ್ಲಿ ಯಾರಾದರೂ ಕಿವಿಗೆ ಹತ್ತಿ ಇಟ್ಟುಕೊಂಡರೆ, "ಏನಮ್ಮಾ ಬಾಣಂತಿ, ಖಾರ ಅನ್ನ ತಿಂದ್ಯಾ?" ಎಂದು ರೇಗಿಸುತ್ತಿದ್ದೆವು. ಅಂಥ ಗುಂಡಿಗೆಯ ಕಿವಿ ನನ್ನದು. ಬೇರಿಂಗು ಕೆಟ್ಟಿದೆಯೋ ಇಲ್ಲವೋ ಎಂದು ಯಂತ್ರದ ಮೈಮೇಲೆ ಅಂಗೈ ಇಟ್ಟು ಹೇಳುತ್ತೇನೆ. ಹೊಸ ಹುಡುಗರು ಸದ್ದು ಕೇಳಿ ಹೇಳುತ್ತಿದ್ದರು. ನಾನು ಯಾವಾಗಿನಿಂದ ಕೇಳುವುದು ಬಿಟ್ಟು ಮುಟ್ಟಿ ನೋಡಲು ಶುರು ಮಾಡಿದೆನೋ ನನಗೂ ನೆನಪಿಲ್ಲ. ಅದನ್ನು ಅನುಭವ ಎಂದು ಕರೆದುಕೊಳ್ಳುತ್ತಿದ್ದೆ.

ಈಗ ಸಿನಿಮಾದ ವಿಷಯಕ್ಕೆ ಬರುತ್ತೇನೆ, ಸಿಟ್ಟೆಲ್ಲ ಅದರದೇ. ನಮ್ಮ ಸುತ್ತಮುತ್ತಲಿನ ಕನ್ನಡದವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣ ಬಾಡಿಗೆಗೆ ಹಿಡಿದು ಸಿನಿಮಾ ತೋರಿಸುತ್ತೇವೆ. ಪ್ರತಿ ತಿಂಗಳೂ ಜಗಳ. ಹಳೆಯ ಕನ್ನಡ ಚಿತ್ರ ಹಾಕಿದರೆ ಮಕ್ಕಳೆಲ್ಲ ಕಾರ್ ಪಾರ್ಕಿನಲ್ಲಿ. ಹೊಸದು ಹಾಕಿದರೆ ಊರಿನಿಂದ ಬಂದ ಹಿರಿಯರು "ಇದೇನು ಹೊಡೆದಾಟ" ಎಂದು ಸೆರಗು ಮುಖಕ್ಕೆ ಹಿಡಿಯುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಧಾರವಾಡದ ಕಡೆಯವರು ಎದ್ದು ನಿಂತು, ಈ ಮಾತಿಗೆ ಆ ಅರ್ಥವಲ್ಲ ಎಂದು ಅಲ್ಲೇ ತಿದ್ದುತ್ತಾರೆ. ಕೊನೆಗೆ ನಮ್ಮ ಡಾಕ್ಟರ್ ಇಮ್ತಿಯಾಜ್ ಒಂದು ದಾರಿ ಹುಡುಕಿದರು. ಹುಬ್ಬಳ್ಳಿಯವರು, ಇಲ್ಲಿ ಜಿ.ಪಿ., ಅಂದರೆ ಫ್ಯಾಮಿಲಿ ಡಾಕ್ಟರು, ನಮ್ಮ ಸಂಘದ ಕಾರ್ಯದರ್ಶಿ. ಸಭೆಯಲ್ಲಿ ಎಲ್ಲರ ಹಾಗೆ ಬೆಂಗಳೂರು ಕನ್ನಡ ಆಡುತ್ತಾರೆ, ಬಿಸಿ ಏರಿದರೆ ಹುಬ್ಬಳ್ಳಿಗೆ ಇಳಿಯುತ್ತಾರೆ. "ಮಾತೇ ಇಲ್ಲದ ಸಿನಿಮಾ ಹಾಕೋಣ ಮೂರ್ತಿಯವರೇ" ಎಂದರು ನನಗೆ. "ಹಳೇ ಫ್ರೆಂಚ್ ಕಾಮಿಡಿ. ಒಬ್ಬ ಉದ್ದನೆ ಮನುಷ್ಯ ರಜಾ ಕಳೆಯೋಕೆ ಸಮುದ್ರದ ಪಕ್ಕದ ಹೋಟೆಲ್‌ಗೆ ಬರ್ತಾನೆ. ಕಥೆ ಅಷ್ಟೇ. ಮಾತು ಇದ್ರೂ ಗೊಣಗಾಟ, ಅದು ಫ್ರೆಂಚರಿಗೂ ಅರ್ಥ ಆಗಲ್ಲ. ಭಾಷೆ ಇಲ್ಲ ಅಂದ್ಮೇಲೆ ಜಗಳಾ ಎಲ್ಲಿಂದ ಬರ್ತದ ಹೇಳ್ರಿ?" ನನಗೆ ಬಹಳ ಸರಿ ಎನಿಸಿತು. ಎಲ್ಲರೂ ಗೊಣಗುವ ಈ ಕಾಲದಲ್ಲಿ, ಗೊಣಗುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಸಿನಿಮಾವಾದರೂ ಒಂದಿದೆಯಲ್ಲ ಎಂದು ಸಮಾಧಾನವಾಯಿತು.

ಬೇರೆ ಜನ ಸಿನಿಮಾ ನೋಡಿ ಮನೆಗೆ ಹೋಗುತ್ತಾರೆ. ನಮಗೆ ಅಷ್ಟಕ್ಕೆ ಆಗುವುದಿಲ್ಲ. ನಾಲ್ಕು ಜನ ಕನ್ನಡದವರು ಒಂದು ಕಡೆ ಕೂತರೆ ಅಧ್ಯಕ್ಷರು ಬೇಕೇ ಬೇಕು. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಆಮೇಲೆ ಸಿನಿಮಾ, ಸಿನಿಮಾ ಮುಗಿದ ಮೇಲೆ ಅದರ ಬಗ್ಗೆ ಅಧ್ಯಕ್ಷರ ಎರಡು ಮಾತು, ವಂದನಾರ್ಪಣೆ, ಕೊನೆಗೆ ಉಪ್ಪಿಟ್ಟು, ಕೇಸರಿಬಾತು. ಆಸ್ಪತ್ರೆಯವರ ರೋಟಾ ಇದ್ದ ಹಾಗೆ ನಮ್ಮಲ್ಲಿ ಅಧ್ಯಕ್ಷರ ರೋಟಾ ಇದೆ. ಆ ತಿಂಗಳು ನನ್ನ ಸರದಿ. ಹೆಗಲಿಗೆ ಶಾಲು ಹೊದಿಸಿ ನನ್ನನ್ನು ಮುಂದಿನ ಸಾಲಿನಲ್ಲಿ, ನಟ್ಟನಡುವೆ, ಒಬ್ಬನನ್ನೇ ಕೂರಿಸಿದರು. ಮುಖ ನೋಡಿ ನಗುವವನನ್ನು ಎಲ್ಲರಿಗೂ ಬೆನ್ನು ಮಾಡಿ ಕೂರಿಸಿದರೆ ಅವನ ಗತಿ ಏನಾಗಬೇಕು ಎಂದು ಸಂಘದವರು ಯೋಚಿಸಲಿಲ್ಲ.

ದೀಪ ಆರಿಸಿದರು. ತೆರೆಯ ಮೇಲೆ ಸಮುದ್ರ ಬಂತು, ಹೋಟೆಲು ಬಂತು, ಆ ಉದ್ದನೆಯ ಮನುಷ್ಯನೂ ಬಂದ. ಹೋಟೆಲಿನ ಕೂಡುವ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಪೇಪರು ಓದುತ್ತಾ, ಸ್ವೆಟರು ಹೆಣೆಯುತ್ತಾ ಕೂತಿದ್ದಾರೆ. ಇವನು ಮೆಲ್ಲಗೆ ಒಳಗೆ ಬಂದು ಒಂದು ಬೆತ್ತದ ಕುರ್ಚಿಯಲ್ಲಿ ಕೂತ. ಎಲ್ಲರೂ ತಲೆ ಎತ್ತಿದರು. ಎದ್ದ. ಮತ್ತೆ ಎಲ್ಲರೂ ತಲೆ ಎತ್ತಿದರು. ಕೂತ, ಎದ್ದ, ಕೂತ. ನನ್ನ ಹಿಂದೆ ಜನ ನಗುತ್ತಿದ್ದರು. ತಿರುಗಿ ನೋಡಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡಿದ್ದವು. ಇಮ್ತಿಯಾಜರ ತಾಯಿ, ಎಂಬತ್ತು ದಾಟಿದ ಅಮ್ಮೀಜಾನ್, ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದವರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತಿರುಗಿ ನೋಡಿ, ನಗಬೇಕೆಂದು ತಿಳಿದು, ನಕ್ಕು, ಮತ್ತೆ ತೆರೆಯ ಕಡೆ ತಿರುಗುವಷ್ಟರಲ್ಲಿ ಹಾಲ್ ಮೌನವಾಗಿತ್ತು, ನನ್ನ ನಗು ಒಂದೇ ಉಳಿದಿತ್ತು. ಅದನ್ನು ಕೇಳಿ ಅವರು ಇನ್ನೊಮ್ಮೆ ನಕ್ಕರು. ಒಂದೂವರೆ ಗಂಟೆ ಹೀಗೇ. ಅವನು ಒದ್ದೆಯಾದ ಕ್ಯಾನ್ವಾಸ್ ಶೂ ಹಾಕಿಕೊಂಡು ತುದಿಗಾಲಿನಲ್ಲಿ ಮೆಟ್ಟಿಲು ಹತ್ತಿದ, ಜನ ನಕ್ಕರು. ಮೆಟ್ಟಿಲು ಹತ್ತುವುದರಲ್ಲಿ ನಗುವುದೇನು? ಲೋಟದಲ್ಲಿ ಚಮಚ ತಿರುಗಿಸಿದ, ನಕ್ಕರು. ಮತ್ತೆ ಆ ಹಾಳು ಕುರ್ಚಿಗೆ ಬಂದ, ಕೂರಲೋ ಬೇಡವೋ ಎಂದು ಅರ್ಧ ಬಗ್ಗಿ ನಿಂತ, ಇಡೀ ಹಾಲ್ ಉಸಿರು ಹಿಡಿಯಿತು, ಕೂತ, ಸೀಲಿಂಗು ಹಾರುವ ಹಾಗೆ ನಕ್ಕರು. ನನ್ನ ಕುತ್ತಿಗೆ ತಿರುಗಿಸಿ ತಿರುಗಿಸಿ ಉಳುಕಿತು.

ಮುಗಿಯುವ ಹೊತ್ತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಿಷಯ ನನಗೆ ಅರ್ಥವಾಗಿ ಹೋಗಿತ್ತು. ಫ್ರೆಂಚ್ ಸಿನಿಮಾ ಎಂದು ಡಾಕ್ಟರು ಹೇಳಿದ್ದಾರೆ, ಜಗತ್ಪ್ರಸಿದ್ಧ ಎಂದೂ ಹೇಳಿದ್ದಾರೆ, ನಗದಿದ್ದರೆ ದಡ್ಡರೆಂದುಕೊಳ್ಳುತ್ತಾರೆ ಎಂದು ಇವರೆಲ್ಲ ನಾಟಕ ಆಡುತ್ತಿದ್ದಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಒಬ್ಬರಾದರೂ ಬೇಕಲ್ಲ. ಶಾಲು ಸರಿಮಾಡಿಕೊಂಡು ವೇದಿಕೆ ಹತ್ತಿದೆ. ಪ್ರಾರ್ಥನೆ ಹೇಳಿದ ಮಕ್ಕಳು ಕೆಳಗೆ ಕೂತು ಹಾಡಿದ್ದರಿಂದ ಮೈಕು ಸೊಂಟದೆತ್ತರಕ್ಕೆ ಇತ್ತು. ನನಗೆ ಮೈಕಿನ ಹಂಗಿಲ್ಲ, ಹಾಗೇ ಶುರು ಮಾಡಿದೆ.

"ಮಾನ್ಯರೇ, ನಾನು ಖಡಾಖಂಡಿತವಾಗಿ ಹೇಳ್ತೀನಿ. ಈ ಸಿನಿಮಾದಲ್ಲಿ ನಗೋವಂಥದ್ದು ಏನೂ ಇಲ್ಲ. ಪಕ್ಕದವರು ನಕ್ಕರು ಅಂತ ಅವರ ಮುಖ ನೋಡ್ಕೊಂಡು ನಾವೂ ನಗೋದಿದೆಯಲ್ಲ, ಅದು ಆತ್ಮವಂಚನೆ." ಈ ಮಾತು ಯಾರ ಬಾಯಿಂದ ಬಂತು ಎಂದು ಈಗ ನೆನೆದರೆ ನನಗೇ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಆಗ ಮಾತ್ರ ಆವೇಶ. "ಎರಡನೇದು, ಸೌಂಡು. ಮುಕ್ಕಾಲು ಸಿನಿಮಾಗೆ ಸೌಂಡೇ ಇರ್ಲಿಲ್ಲ. ಇವತ್ತು ಸೌಂಡ್ ನೋಡ್ಕೊಂಡವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರ್ಲಿ, ಅವರಿಗೆ ಕೆಲಸ ಬರಲ್ಲ. ಬರದೇ ಇರೋ ಕೆಲಸ ಒಪ್ಕೋಬಾರ್ದು." ಸಭೆಯಲ್ಲಿ ಒಂದು ಬಗೆಯ ಚಡಪಡಿಕೆ ಕಾಣಿಸಿತು. ಸತ್ಯ ಹೇಳಿದಾಗ ಹಾಗಾಗುವುದೇ ಎಂದುಕೊಂಡೆ. ಇಮ್ತಿಯಾಜ್ ಕೈಯಲ್ಲಿ ಏನೋ ಸನ್ನೆ ಮಾಡುತ್ತಿದ್ದರು. ಬೇಗ ಮುಗಿಸಿ ಎನ್ನುತ್ತಿದ್ದಾರೆ ಎಂದು ತಿಳಿದು ಇನ್ನೂ ನಿಧಾನ ಮಾಡಿದೆ. ಅಧ್ಯಕ್ಷರಾದವರಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೇ?

"ಒಬ್ಬ ಮನುಷ್ಯ ಕೂರ್ತಾನೆ, ಏಳ್ತಾನೆ. ಇದು ಹಾಸ್ಯವೇ? ನಾನೂ ಮಾಡಿ ತೋರಿಸ್ತೀನಿ, ನಗ್ರಿ ನೋಡೋಣ" ಎಂದು ವೇದಿಕೆಯ ಮೇಲಿದ್ದ ಕಬ್ಬಿಣದ ಮಡಚುವ ಕುರ್ಚಿಯನ್ನು ಮೈಕಿನ ಪಕ್ಕಕ್ಕೆ ಎಳೆದೆ. ಎಳೆದದ್ದಕ್ಕೇ ಎರಡನೇ ಸಾಲಿನ ಮಕ್ಕಳು ಕಿಸಕ್ಕೆಂದವು. ಕೂತೆ. ಹಾಲ್ ಗೊಳ್ಳೆಂದಿತು. ಎದ್ದೆ. ಮತ್ತೆ ಗೊಳ್ಳೆಂದಿತು. "ನೋಡಿದಿರಾ" ಎಂದೆ, "ಈಗಲೂ ನಗ್ತಾ ಇದೀರಿ. ಯಾಕೆ ಹೇಳಿ? ಅಭ್ಯಾಸ." ಸರಿಯಾಗಿ ಮನದಟ್ಟಾಗಲಿ ಎಂದು ಈ ಸಲ ಬಹಳ ನಿಧಾನವಾಗಿ, ಮೊದಲು ಅರ್ಧ ಕೂತು, ಸ್ವಲ್ಪ ತಡೆದು, ಆಮೇಲೆ ಪೂರ್ತಿ ಕೂತೆ. ಜನ ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಜೀವಮಾನದಲ್ಲಿ ಯಾವ ಸಭೆಯೂ ನನ್ನ ವಾದಕ್ಕೆ ಹಾಗೆ ತಲೆದೂಗಿರಲಿಲ್ಲ. ಕುರ್ಚಿಯ ಅಂಚು ಹಿಡಿದ ನನ್ನ ಅಂಗೈಗೆ ಒಂದು ಸಣ್ಣ ನಡುಕ ಗೊತ್ತಾಯಿತು. ಬೋಲ್ಟು ಸಡಿಲ ಇದೆ, ಎಣ್ಣೆ ಕಂಡು ವರ್ಷಗಳಾಗಿವೆ ಎಂದು ಅಂಗೈ ಹೇಳಿತು. ಅಂಥ ಕುರ್ಚಿ ಮೈಕಿನ ಬಾಯಿಗೆ ಅಂಟಿಕೊಂಡು ಸದ್ದು ಮಾಡುತ್ತಿರಬಹುದು ಎಂಬ ಮುಂದಿನ ಮಾತನ್ನು ಹೇಳಲಿಲ್ಲ. ನಾನು ಇನ್ನೂ ಮೂರು ಸಲ ಕೂತು ಎದ್ದೆ.

ಆ ಇಡೀ ಹಾಲ್‌ನಲ್ಲಿ ಒಂದು ಮುಖ ಮಾತ್ರ ನಗುತ್ತಿರಲಿಲ್ಲ. ಕೊನೆಯ ಸಾಲಿನ ಹಿಂದೆ, ವೈರುಗಳು ತುಂಬಿದ ಒಂದು ಮೇಜಿನ ಪಕ್ಕದಲ್ಲಿ, ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡು ಮೇಘನಾ ನಿಂತಿದ್ದಳು. ಇವಳಿಗೆ ಅಲ್ಲೇನು ಕೆಲಸ ಎಂದುಕೊಂಡೆ. ಅವಳು ಕೈ ಚಾಚಿ ಏನೋ ಒತ್ತಿದಳು, ಮೈಕಿನ ಮೇಲಿನ ಕೆಂಪು ದೀಪ ಆರಿತು. ನಾನು ಮತ್ತೊಮ್ಮೆ ಕೂತೆ. ಈ ಸಲ ಅಷ್ಟು ನಗು ಬರಲಿಲ್ಲ.

ವಂದನಾರ್ಪಣೆಗೆ ಇಮ್ತಿಯಾಜ್ ಬಂದರು. ಅವರದು ಹಂಡೆಯಿಂದ ಬಂದ ಹಾಗೆ ದಪ್ಪ ಧ್ವನಿ, ನನಗೆ ಪ್ರತಿ ಅಕ್ಷರವೂ ಕೇಳಿಸುತ್ತದೆ. ಹಾಲ್ ಕೊಟ್ಟವರಿಗೆ, ಉಪ್ಪಿಟ್ಟು ಮಾಡಿದವರಿಗೆ, ಅಧ್ಯಕ್ಷರಿಗೆ ಎಲ್ಲ ಹೇಳಿ, "ಬೆಳಿಗ್ಗೆ ಎಂಟರಿಂದ ಇಲ್ಲೇ ಇದ್ದು, ತನ್ನ ಕಾಲೇಜಿನಿಂದ ಸ್ಪೀಕರ್ ತಂದು, ಇವತ್ತು ಇಷ್ಟು ಚಂದ ಧ್ವನಿವ್ಯವಸ್ಥೆ ಮಾಡಿದ ನಮ್ಮ ಕುಮಾರಿ ಮೇಘನಾ ಮೂರ್ತಿಗೆ" ಎಂದರು. ಎಲ್ಲರೂ ಹಿಂದೆ ತಿರುಗಿ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅವಳು ತಲೆ ಎತ್ತದೆ ವೈರು ಸುತ್ತುತ್ತಿದ್ದಳು. ನನಗೆ ವೇದಿಕೆಯ ಮೇಲೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಉಪ್ಪಿಟ್ಟಿನ ಸಾಲಿನಲ್ಲಿ ಅಮ್ಮೀಜಾನ್ ನನ್ನ ಪಕ್ಕ ಬಂದು ನಿಂತರು. ತಮ್ಮ ಕಿವಿಯಿಂದ ಹುಣಿಸೇಬೀಜದಷ್ಟು ದೊಡ್ಡ ಒಂದು ವಸ್ತು ತೆಗೆದು ಅಂಗೈ ಮೇಲಿಟ್ಟು ತೋರಿಸಿ, ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ನನ್ನ ಮುಖದ ಹತ್ತಿರ ಬಂದು ಹೇಳಿದರು. "ತಮ್ಮಾ, ಆ ಖುರ್ಚಿ ಬೆಕ್ಕಿನ ಮರಿ ಬಾಲಾ ತುಳದಂಗ ಒದರತಿತ್ತು. ಸಿನಿಮಾದಾಗಿಂದೂ ಹಂಗ, ನಿಂದೂ ಹಂಗ. ನಿನಗ ಕೇಳಲಿಲ್ಲೇನು? ನಂದೂ ಹಿಂಗ ಆಗಿತ್ತು. ಮಂದಿ ಮ್ಯಾಲ ಬಾಳ ಸಿಟ್ಟು ಬರತಿತ್ತು ನನಗ. ಕಿವಿ ತೋರಸ್ಕೋ." ಎಂಬತ್ತು ದಾಟಿದ ಮುದುಕಿಗೆ ಕೇಳಿಸಿದ್ದು ಐವತ್ತನಾಲ್ಕರ ನನಗೆ ಕೇಳಿಸಲಿಲ್ಲ. ಇದಕ್ಕಿಂತ ಅವಮಾನ ಇನ್ನೇನಿದೆ ಎಂದುಕೊಂಡೆ. ಇತ್ತು.

ಅದು ಕಾರಿನಲ್ಲಿ ಕಾದಿತ್ತು. ಸುಮ ಓಡಿಸುತ್ತಿದ್ದಳು. ಮೇಘನಾ ಸ್ಪೀಕರುಗಳನ್ನು ವಾಪಸು ಕೊಡಲು ಗೆಳತಿಯ ವ್ಯಾನಿನಲ್ಲಿ ಹೋಗಿದ್ದಳು. ನಮ್ಮ ಕಾರಿಗೆ ಬರುವುದಿಲ್ಲ ಎಂದಿದ್ದಳು. "ನನಗೆ ಯಾರೂ ಹೇಳಲೇ ಇಲ್ಲ" ಎಂದು ನಾನು ಗುಡುಗಿದೆ. "ಹೆತ್ತ ಅಪ್ಪನಿಗೆ ಒಂದು ಮಾತು ಹೇಳಬಾರದಾ? ಕದ್ದು ಮುಚ್ಚಿ ಮಾಡೋ ಕೆಲಸವಾ ಇದು?" ಸುಮ ಕೆಂಪು ದೀಪಕ್ಕೆ ಕಾರು ನಿಲ್ಲಿಸಿ, ನನ್ನ ಕಡೆ ಪೂರ್ತಿ ತಿರುಗಿ, ಒಂದೊಂದೇ ಮಾತು ಹೇಳಿದಳು. "ಮೂರು ಸಲ ಹೇಳಿದ್ಲು ರೀ. ಬುಧವಾರ ಊಟಕ್ಕೆ ಕೂತಾಗ. ಶುಕ್ರವಾರ ಅವಳನ್ನ ಸ್ಟೇಷನ್ನಿಗೆ ಬಿಡೋವಾಗ. ಇವತ್ತು ಬೆಳಿಗ್ಗೆ ಹೊರಡೋ ಮುಂಚೆ ನಿಮ್ಮ ರೂಮಿಗೆ ಬಂದು, 'ಅಪ್ಪ, ಇವತ್ತು ಸೌಂಡ್ ನಾನೇ ಮಾಡ್ತಿರೋದು, ನಿನ್ನ ಸ್ಪೀಚಲ್ಲಿ ಒಂದು ಮಾತು ಹೇಳ್ತೀಯಾ?' ಅಂತ ಕೇಳಿದ್ಲು. ಕನ್ನಡದಲ್ಲೇ ಕೇಳಿದ್ಲು, ನಿಮಗೆ ಇಷ್ಟ ಅಂತ. ನೀವು ವೆರಿ ಗುಡ್ ಅಂದ್ರಿ." ಹಿಂದಿನ ಕಾರಿನವನು ಹಾರ್ನ್ ಮಾಡಿದ. ದೀಪ ಹಸಿರಾಗಿತ್ತಂತೆ. ವೆರಿ ಗುಡ್ ಅಂದಾಗ ಅವಳ ಮುಖ ಹೇಗೆ ಅರಳಿತ್ತು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿತ್ತು. ನಾನು ನೋಡಿದ್ದೇ ಅದನ್ನಲ್ಲವೇ.

ಕಿವಿ ಪರೀಕ್ಷೆಗೆ ಹೋದೆ. ಹೋದದ್ದು ಕಿವಿ ಸರಿಯಿದೆ ಎಂದು ಸಾಬೀತು ಮಾಡಲು, ಅದನ್ನೂ ಹೇಳಿಬಿಡುತ್ತೇನೆ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕೈಗೆ ಒಂದು ಬಟನ್ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದರು. ಐದು ನಿಮಿಷದಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಕಿಟಕಿಯಾಚೆ ಕೂತ ಹುಡುಗಿ ಸದ್ದು ಬಿಡುವಾಗಲೆಲ್ಲ ಅವಳ ಬಲ ಭುಜ ಒಂದಿಷ್ಟು ಅಲುಗುತ್ತದೆ. ಭುಜ ಅಲುಗಿದಾಗಲೆಲ್ಲ ಒತ್ತಿದೆ. ಹುಡುಗಿಗೆ ಬಹಳ ಆಶ್ಚರ್ಯವಾದಂತೆ ಕಂಡಿತು. ಸದ್ದು ಬಿಡದೆ ಸುಮ್ಮನೆ ಒಂದು ಸಲ ಮೂಗು ತುರಿಸಿಕೊಂಡಳು, ನಾನು ಅದಕ್ಕೂ ಒತ್ತಿದೆ. ಅವಳು ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಆಮೇಲೆ ಬಹಳ ಹೊತ್ತು ನಾನು ಆ ಬಟನ್ ಹಿಡಿದುಕೊಂಡು ಬಿಳಿ ಗೋಡೆ ನೋಡುತ್ತಾ ಸುಮ್ಮನೆ ಕೂತಿದ್ದೆ. ಕೊನೆಗೆ ಒಂದು ಗೆರೆಯ ಚಿತ್ರ ತೋರಿಸಿದರು. ಎಡಗಡೆ ಸರಿಯಾಗಿ ಹೋಗುತ್ತಿದ್ದ ಗೆರೆ ಬಲಕ್ಕೆ ಬರುತ್ತಾ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ದಪ್ಪ ಸದ್ದು, ಗಂಡಸರ ಧ್ವನಿ, ಯಂತ್ರ, ಎಲ್ಲ ಕೇಳುತ್ತದೆ. ಸಣ್ಣ ಸದ್ದು, ಹಕ್ಕಿ, ಕಿರುಗುಟ್ಟುವ ಕುರ್ಚಿ, ಹೆಂಗಸರ ಮತ್ತು ಹುಡುಗಿಯರ ಮಾತಿನ ಅರ್ಧ ಭಾಗ ಕೇಳುವುದಿಲ್ಲ, ಇದು ಇಂದು ನಿನ್ನೆಯದಲ್ಲ ಎಂದಳು. ಹುಡುಗಿಯರ ಮಾತು ಎಂಬಲ್ಲಿ ಬೆರಳಿಟ್ಟು ತೋರಿಸಿದಳು. ಬಾವಿ ಇದ್ದದ್ದು ಅಲ್ಲೇ.

ಎರಡು ಕಿವಿಗೂ ಮಿಷನ್ನು ಬಂತು. ಜನ ಇದನ್ನು ಹಾಕಿಕೊಂಡ ಮೊದಲ ದಿನ 'ಹಕ್ಕಿಯ ಹಾಡು ಕೇಳಿ ಕಣ್ಣೀರು ಬಂತು' ಎಂದೆಲ್ಲ ಹೇಳುತ್ತಾರೆ. ನನಗೆ ಮೊದಲು ಕೇಳಿಸಿದ್ದು ನನ್ನ ಚಪ್ಪಲಿ. ಆಮೇಲೆ ನಾನು ಸಾರು ಹೀರುವುದು. ಇಷ್ಟು ವರ್ಷದಿಂದ ಇವರಿಬ್ಬರೂ ಇದನ್ನು ಸಹಿಸಿಕೊಂಡು ಒಂದೇ ಮೇಜಿನಲ್ಲಿ ಊಟ ಮಾಡಿದ್ದಾರೆ ಎಂದು ತಿಳಿದು ನನಗೆ ಅವರ ಮೇಲೆಯೇ ಸಿಟ್ಟು ಬಂತು: ಹೇಳಬಾರದಿತ್ತೇ? ಹೇಳಿದ್ದರಂತೆ. ಕಾರಿನ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತದೆ, ಪ್ಲಾಸ್ಟಿಕ್ ಚೀಲ ಪಟಾಕಿ ಹಚ್ಚಿದ ಹಾಗೆ ಸದ್ದು ಮಾಡುತ್ತದೆ, ಆಫೀಸಿನಲ್ಲಿ ಪಕ್ಕದವನು ದಿನವಿಡೀ ಮೂಗೆಳೆಯುತ್ತಾನೆ. ಇಷ್ಟು ಗಲಾಟೆಯ ದೇಶದಲ್ಲಿ ಇಷ್ಟು ದಿನ ಹೇಗೆ ಬದುಕಿದೆ ಎಂದು ಆಶ್ಚರ್ಯವಾಯಿತು. ಸ್ಟೇಷನ್ನಿನ ಹೆಂಗಸು ಬಾಯಲ್ಲಿ ಏನೂ ಇಟ್ಟುಕೊಂಡಿರಲಿಲ್ಲ.

ಮೇಘನಾ ಮಾತ್ರ ಆ ಭಾನುವಾರದಿಂದ ನನ್ನ ಜೊತೆ ಹೂಂ, ಊಹೂಂ ಎರಡರಲ್ಲೇ ಸಂಸಾರ ನಡೆಸುತ್ತಿದ್ದಳು. ಕಿವಿ ತಯಾರಾಗಿತ್ತು, ಕೇಳಿಸಿಕೊಳ್ಳಲು ಏನೂ ಇರಲಿಲ್ಲ. ಮಕ್ಕಳಿಗೆ ಸಾರಿ ಹೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ; ನಮ್ಮಪ್ಪ ನನಗೆ ಒಮ್ಮೆಯೂ ಹೇಳಿದವರಲ್ಲ. ಎರಡು ವಾರ ಒದ್ದಾಡಿ ಒಂದು ಶನಿವಾರ ಬೆಳಿಗ್ಗೆ ಅವಳ ರೂಮಿನ ಬಾಗಿಲಲ್ಲಿ ನಿಂತೆ. "ಅವತ್ತು ನಾನು ಹೇಳಿದ್ದು ತಪ್ಪು" ಎಂದೆ. "ಸೌಂಡ್ ಚೆನ್ನಾಗಿತ್ತಂತೆ. ನನಗೆ ಕೇಳಿಸಿರಲಿಲ್ಲ. ಆ ಸಿನಿಮಾ ಇನ್ನೊಂದು ಸಲ ಹಾಕ್ತೀಯಾ? ನನಗೆ ಒಬ್ಬನಿಗೆ." ಅವಳು ನನ್ನ ಕಿವಿಗಳನ್ನು ಒಂದೊಂದಾಗಿ ನೋಡಿದಳು. ಎದ್ದು ಹೋಗಿ ಮುಂದಿನ ಕೋಣೆಯಲ್ಲಿ ವೈರು ಜೋಡಿಸತೊಡಗಿದಳು. ತೆಳ್ಳಗಿನ ಟಿ.ವಿ.ಯ ಎರಡೂ ಪಕ್ಕ ಸ್ಪೀಕರ್ ಇಟ್ಟಳು, ನನ್ನನ್ನು ಎಬ್ಬಿಸಿ ಆ ಕಡೆ ಕೂರಿಸಿದಳು, ಮತ್ತೆ ಎಬ್ಬಿಸಿ ಈ ಕಡೆ ಕೂರಿಸಿದಳು, ತಾನು ಪಕ್ಕದಲ್ಲಿ ಕೂತಳು. ನಾನು ಹೇಳಿದ ಕಡೆ ಕೂತೆ. ಇಂಥ ವಿಧೇಯತೆಯನ್ನು ನಾನು ಯಾವ ಮ್ಯಾನೇಜರಿಗೂ ತೋರಿಸಿದವನಲ್ಲ.

ಸಮುದ್ರ ಬಂತು. ಈ ಸಲ ಅದಕ್ಕೆ ಸದ್ದಿತ್ತು. ಹೋಟೆಲಿನಲ್ಲಿ ಪೇಪರು ಮಗುಚುವ ಸರಸರ, ಹೆಣಿಗೆಯ ಸೂಜಿ ತಾಗುವ ಟಕ ಟಕ, ದೂರದಲ್ಲಿ ಮಕ್ಕಳ ಕೂಗು. ಇಷ್ಟೆಲ್ಲ ಇತ್ತೇ ಇದರಲ್ಲಿ ಎಂದು ಬೆರಗಾಯಿತು. ಬಾಗಿಲು ತೆರೆದು ಆ ಉದ್ದನೆಯ ಮನುಷ್ಯ ಒಳಗೆ ಬಂದ, ಕೈಯಲ್ಲಿ ಹ್ಯಾಟು ಹಿಡಿದು ಬೆತ್ತದ ಕುರ್ಚಿಯ ಕಡೆ ನಡೆದ. ಈ ಸಲ ತಪ್ಪಬಾರದು. ಹುಡುಗಿ ಇಷ್ಟು ಕಷ್ಟಪಟ್ಟು ಜೋಡಿಸಿದ್ದಾಳೆ, ಸರಿಯಾದ ಜಾಗದಲ್ಲಿ ನಗಲೇಬೇಕು. ಹೊಟ್ಟೆಯಲ್ಲಿ ನಗುವನ್ನು ಸಿದ್ಧ ಮಾಡಿ ಇಟ್ಟುಕೊಂಡೆ. ಹಾಗೇ ಓರೆಗಣ್ಣಿನಲ್ಲಿ ಅವಳ ಕಡೆ ನೋಡಿದೆ. ಅವಳ ತುಟಿಯ ತುದಿ ಅಲುಗಿತು. ನಾನು ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಮನೆ ಅದುರುವಂತೆ ನಕ್ಕೆ.

ಮೇಘನಾ ರಿಮೋಟು ಒತ್ತಿ ಸಿನಿಮಾ ನಿಲ್ಲಿಸಿದಳು. ತೆರೆಯ ಮೇಲೆ ಆ ಮನುಷ್ಯ ಕುರ್ಚಿಯಿಂದ ಎರಡು ಹೆಜ್ಜೆ ಆಚೆ, ಒಂದು ಕಾಲು ಎತ್ತಿಕೊಂಡು ನಿಂತಿದ್ದ.

"ಅಪ್ಪ" ಎಂದಳು ಅವಳು, ಬಹಳ ಮೆಲ್ಲಗೆ, ಕನ್ನಡದಲ್ಲಿ. "ಅವನಿನ್ನೂ ಕೂತೇ ಇಲ್ಲ."

ಪ್ರತಿ ಅಕ್ಷರವೂ ಕೇಳಿಸಿತು. ಕೇಳಿಸಲಿಲ್ಲ ಎನ್ನುವ ಸೌಕರ್ಯವನ್ನು ನಾನೇ ಕೈಯಾರೆ ಹೋಗಿ ಕಳೆದುಕೊಂಡು ಬಂದಿದ್ದೆ.